‘ನಾನು ಯಾರು?’ ಸುತ್ತಿನಲ್ಲಿ ಹೆಸರು ತಪ್ಪದಿರಲು: ಸುಳಿವು ಹಿಡಿದು ಇತಿಹಾಸದ ವ್ಯಕ್ತಿಯನ್ನು ಗುರುತಿಸುವ ಹಂತಗಳು

ಕ್ವಿಜ್ ಮಾಸ್ಟರ್ ಮೊದಲ ಸುಳಿವು ಓದುತ್ತಾರೆ: “ನನ್ನ ದತ್ತುಮಗನನ್ನು ಇಂಗ್ಲಿಷರು ಒಪ್ಪಲಿಲ್ಲ. ನಾನು ಕತ್ತಿ ಹಿಡಿದೆ.” ಮಾತು ಮುಗಿಯುವ ಮೊದಲೇ ಬಜರ್ ಕೂಗುತ್ತದೆ. “ಝಾನ್ಸಿ ರಾಣಿ ಲಕ್ಷ್ಮೀಬಾಯಿ!” ಉತ್ತರ ತಪ್ಪು. ಎರಡನೇ ಸುಳಿವಿನಲ್ಲಿ 1824 ಎಂಬ ಇಸವಿ ಇತ್ತು. ಮೂರನೆಯದರಲ್ಲಿ ಬೈಲಹೊಂಗಲದ ಸೆರೆ ಇತ್ತು. ಆ ವ್ಯಕ್ತಿ ಕಿತ್ತೂರು ಚೆನ್ನಮ್ಮ. ಉತ್ತರ ಹೇಳಿದ ಮಕ್ಕಳಿಗೆ ಚೆನ್ನಮ್ಮನ ಕಥೆ ಚೆನ್ನಾಗಿಯೇ ಗೊತ್ತು.

ಹೈಸ್ಕೂಲು ಮತ್ತು ಪಿಯು ಮಕ್ಕಳಿಗೆ ರಸಪ್ರಶ್ನೆಯ ತರಬೇತಿ ಕೊಡುತ್ತ, ಇಂಥ ಸುತ್ತುಗಳಿಗೆ ಪ್ರಶ್ನೆ ಬರೆಯುತ್ತ ಬಂದವನು ನಾನು. ಈ ಸೋಲನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಓದು ಕಡಿಮೆಯಾಗಿ ಸೋಲುವವರು ಕೆಲವರೇ. ಹೆಚ್ಚಿನವರು ಸೋಲುವುದು ಯೋಚಿಸುವ ಕ್ರಮ ತಲೆಕೆಳಗಾಗಿರುವುದರಿಂದ. ಮೊದಲು ಹೆಸರು ಹೊಳೆಯುತ್ತದೆ, ಆಮೇಲೆ ಸುಳಿವುಗಳನ್ನು ಎಳೆದುತಂದು ಆ ಹೆಸರಿಗೆ ಅಂಟಿಸುತ್ತಾರೆ. ನಡೆಯಬೇಕಾದದ್ದು ಇದರ ಉಲ್ಟಾ: ಕಾಲ, ಊರು, ಕೆಲಸ ಇವು ಮೊದಲು, ಹೆಸರು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಬೇಡಿ.

## ಮೊದಲು ಕೈಯಲ್ಲಿ ಇರಬೇಕಾದವು

ಒಂದು ಉದ್ದದ ನೋಟ್‌ಬುಕ್, ಪೆನ್ಸಿಲ್, ಗೋಡೆಗೆ ಅಂಟಿಸಲು ಉದ್ದನೆಯ ಕಾಗದದ ಪಟ್ಟಿ, ಭಾರತದ್ದೊಂದು ಮತ್ತು ಪ್ರಪಂಚದ್ದೊಂದು ಗಡಿರೇಖೆಯ ನಕ್ಷೆ. ಇಷ್ಟಿದ್ದರೆ ಸಾಕು. ಸಾವಿರ ಪ್ರಶ್ನೋತ್ತರಗಳ ಪುಸ್ತಕವನ್ನು ಮೊದಲ ತಿಂಗಳು ಮುಟ್ಟಲೇಬೇಡಿ. ಅದು ಪ್ರಶ್ನೆಗೂ ಹೆಸರಿಗೂ ನೇರ ಗಂಟು ಹಾಕಿಸುತ್ತದೆ. ನಾವು ಬಿಡಿಸಬೇಕಾಗಿರುವುದು ಆ ಗಂಟನ್ನೇ.

ಕಾಗದದ ಪಟ್ಟಿಯ ಮೇಲೆ ಶತಮಾನಗಳನ್ನು ಅಡ್ಡಲಾಗಿ ಬರೆದು ಕೆಲವು ಗೂಟಗಳನ್ನು ನೆಡಿ. ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಗೂಟಗಳು ಇವು:

- 1498: ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ವರ್ಷ. ಸುಳಿವಿನಲ್ಲಿ ‘ಪೋರ್ಚುಗೀಸರ ಜೊತೆ ಯುದ್ಧ’ ಎಂದಿದ್ದರೆ ಇದಕ್ಕಿಂತ ಹಿಂದೆ ಹೋಗಬೇಕಿಲ್ಲ.
- 1565: ರಕ್ಕಸತಂಗಡಿ ಕದನ.
- 1757: ಪ್ಲಾಸಿ.
- 1799: ಟಿಪ್ಪುವಿನ ಸಾವು, ಶ್ರೀರಂಗಪಟ್ಟಣದ ಪತನ.
- 1848–1856: ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದ ಅವಧಿ. ದತ್ತುಮಕ್ಕಳಿಗೆ ಪಟ್ಟವಿಲ್ಲ ಎಂಬ ನೀತಿಗೆ ಅಂಟಿಕೊಂಡ ಹೆಸರು ಈತನದು.
- 1853: ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು.
- 1885: ಕಾಂಗ್ರೆಸ್ ಸ್ಥಾಪನೆ.
- 1901: ನೊಬೆಲ್ ಬಹುಮಾನದ ಆರಂಭ.
- 1954: ಭಾರತರತ್ನದ ಆರಂಭ.

ಇನ್ನೊಂದು ಸಾಮಗ್ರಿ ಅಂಗಡಿಯಲ್ಲಿ ಸಿಗುವುದಿಲ್ಲ, ನೀವೇ ಮಾಡಿಕೊಳ್ಳಬೇಕು. ಅದು ಜೋಡಿ ಪುಸ್ತಕ. ಒಬ್ಬರ ಬದಲು ಇನ್ನೊಬ್ಬರ ಹೆಸರು ಹೇಳಿ ಸೋತಾಗಲೆಲ್ಲ ಆ ಎರಡು ಹೆಸರುಗಳನ್ನು ಎದುರುಬದುರು ಬರೆದು, ನಡುವೆ ಅವರನ್ನು ಬೇರೆ ಮಾಡುವ ಒಂದೇ ಒಂದು ಸಂಗತಿಯನ್ನು ಬರೆಯಿರಿ. ಮೊದಲ ಪುಟದಲ್ಲಿ ಚೆನ್ನಮ್ಮ ಮತ್ತು ಲಕ್ಷ್ಮೀಬಾಯಿ ಇರಲಿ.

## ಹಂತ 1: ಸುಳಿವನ್ನು ಒಡೆದು ನಾಲ್ಕು ಕಾಲಂಗೆ ಹಾಕಿ

ಹಾಳೆಯಲ್ಲಿ ನಾಲ್ಕು ಕಾಲಂ ಗೀಚಿ: ಕಾಲ, ಊರು, ಕೆಲಸ, ಗುರುತು. ಸುಳಿವು ಕಿವಿಗೆ ಬಿದ್ದಂತೆ ಅದರ ಚೂರುಗಳನ್ನು ಆಯಾ ಕಾಲಂನಲ್ಲಿ ಬರೆಯುತ್ತ ಹೋಗಿ. ‘ಗುರುತು’ ಎಂದರೆ ಆ ವ್ಯಕ್ತಿಗೆ ಮಾತ್ರ ಒಗ್ಗುವಂಥ ಚಿಕ್ಕ ಸಂಗತಿ: ಹಚ್ಚಿಕೊಂಡ ವಾದ್ಯ, ಸಾಕಿದ ಕುದುರೆ, ಬಿಟ್ಟುಕೊಟ್ಟ ಪದವಿ, ಅರ್ಧಕ್ಕೆ ನಿಂತ ಓದು.

“ಹಗಲು ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿ, ಉಳಿದ ಹೊತ್ತು ಪ್ರಯೋಗಾಲಯ. ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನನ್ನನ್ನು ಕಾಡಿತು.” ಒಡೆದರೆ ಹೀಗಾಗುತ್ತದೆ. ಕಾಲ: ಕಲ್ಕತ್ತೆಯಲ್ಲಿ ಬ್ರಿಟಿಷ್ ಸರ್ಕಾರ, ಭಾರತೀಯ ಅಧಿಕಾರಿ, ಆಧುನಿಕ ಪ್ರಯೋಗಾಲಯ ಎಲ್ಲ ಒಟ್ಟಿಗಿವೆ, 19ನೇ ಶತಮಾನದ ಕೊನೆ ಅಥವಾ 20ರ ಮೊದಲ ಭಾಗ. ಊರು: ಕಲ್ಕತ್ತೆ. ಕೆಲಸ: ಸರ್ಕಾರಿ ನೌಕರಿಯ ಕಡೆಯಿಂದ ವಿಜ್ಞಾನಕ್ಕೆ ಬಂದವರು. ಗುರುತು: ಸಮುದ್ರದ ನೀಲಿ. ಇಷ್ಟು ಬರೆದ ಮೇಲೆ ಸಿ. ವಿ. ರಾಮನ್ ಬಿಟ್ಟು ಇನ್ನೊಬ್ಬರು ಆ ಹಾಳೆಯಲ್ಲಿ ನಿಲ್ಲುವುದಿಲ್ಲ. ಬರೆಯದೆ ಕೇಳಿದವರು ‘ಕಲ್ಕತ್ತೆ, ವಿಜ್ಞಾನಿ’ ಎಂಬ ಎರಡು ಪದ ಹಿಡಿದು ಜಗದೀಶ್ ಚಂದ್ರ ಬೋಸ್ ಎನ್ನುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು, ಸುಳಿವಿನಲ್ಲಿ ಇಲ್ಲದ್ದನ್ನು ಬರೆಯುವುದು. ‘ಕತ್ತಿ ಹಿಡಿದೆ’ ಎಂದು ಕೇಳಿದವರು ‘1857’ ಎಂದು ಬರೆದುಬಿಟ್ಟಿರುತ್ತಾರೆ. ಇಸವಿಯನ್ನು ಯಾರೂ ಹೇಳಿರಲಿಲ್ಲ. ಕೇಳಿದ್ದನ್ನು ಮಾತ್ರ ಬರೆಯಿರಿ, ಊಹೆಯಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

## ಹಂತ 2: ಕಾಲವನ್ನು ಕಟ್ಟಿಹಾಕಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಶತಮಾನ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸುಳಿವಿನಲ್ಲಿ ಇಸವಿ ನೇರವಾಗಿ ಇರುವುದು ಅಪರೂಪ, ಆದರೆ ಇಸವಿಯ ವಾಸನೆ ಇದ್ದೇ ಇರುತ್ತದೆ.

ಮೊದಲ ಉದಾಹರಣೆಗೇ ಮರಳೋಣ. ಕಿತ್ತೂರಿನ ಮೇಲೆ ಬಂದ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಡಾಲ್‌ಹೌಸಿ ಗವರ್ನರ್ ಜನರಲ್ ಆದದ್ದು ಅದಾಗಿ 24 ವರ್ಷಕ್ಕೆ. ಝಾನ್ಸಿಯನ್ನು ಕಂಪನಿ ವಶಪಡಿಸಿಕೊಂಡದ್ದು 1854ರಲ್ಲಿ, ಲಕ್ಷ್ಮೀಬಾಯಿ ಗ್ವಾಲಿಯರ್ ಬಳಿ ಮಡಿದದ್ದು 1858ರಲ್ಲಿ. ಆದ್ದರಿಂದ ‘ದತ್ತು’ ಎಂಬ ಪದ ಕಿವಿಗೆ ಬಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಡಾಲ್‌ಹೌಸಿಗಿಂತ ಮೊದಲೋ, ಆಮೇಲೋ? ದತ್ತುಮಗ ಶಿವಲಿಂಗಪ್ಪನೋ ದಾಮೋದರ ರಾವ್‌ನೋ ಎಂಬುದು ಅಲ್ಲಿಗೇ ತೀರ್ಮಾನವಾಗುತ್ತದೆ.

ರಾಣಿಯರ ವಿಷಯದಲ್ಲಿ ಎಡವುವವರು ಬಹಳ ಮಂದಿ, ಅದಕ್ಕೇ ಇಲ್ಲಿ ಇನ್ನಷ್ಟು ನಿಲ್ಲುತ್ತೇನೆ. “ಪೋರ್ಚುಗೀಸರನ್ನು ಎದುರಿಸಿದ ಕರಾವಳಿಯ ರಾಣಿ” ಎಂದರೆ ಉಳ್ಳಾಲದ ಅಬ್ಬಕ್ಕ ಎಂದು ಮುಗಿಸಿಬಿಡುತ್ತಾರೆ. ಅದೇ 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಇದ್ದಳು. ಪೋರ್ಚುಗೀಸರು ಅವಳನ್ನು ಕರೆದದ್ದು ಕರಿಮೆಣಸಿನ ರಾಣಿ ಎಂದು. ಇಲ್ಲಿ ಕಾಲ ಇಬ್ಬರನ್ನೂ ಬೇರೆ ಮಾಡುವುದಿಲ್ಲ. ಊರು ಮತ್ತು ಮೆಣಸು ಬೇರೆ ಮಾಡುತ್ತವೆ. ಇನ್ನು ‘ಚೆನ್ನಮ್ಮ’ ಎಂಬ ಹೆಸರೇ ಸುಳಿವಿನಲ್ಲಿ ಬಂದರೂ ಕಿತ್ತೂರಿಗೆ ಓಡಬೇಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಕೆಳದಿಯ ಚೆನ್ನಮ್ಮ. ಇವಳು 17ನೇ ಶತಮಾನದವಳು, ಕಿತ್ತೂರಿನವಳಿಗಿಂತ ನೂರು ವರ್ಷಕ್ಕೂ ಹಿಂದಿನವಳು.

ಶಕವರ್ಷ ಬಂದರೆ. ಶಾಸನದ ಸುಳಿವುಗಳಲ್ಲಿ ಇಸವಿಯ ಬದಲು ಶಕವರ್ಷ ಇರುತ್ತದೆ. 78 ಕೂಡಿಸಿ. ಐಹೊಳೆ ಶಾಸನದ ಕಾಲ ಶಕ 556, ಅಂದರೆ ಕ್ರಿ.ಶ. 634. ಅದನ್ನು ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. “ಕಾಳಿದಾಸ, ಭಾರವಿಯರಷ್ಟೇ ಕೀರ್ತಿ ನನ್ನದು” ಎಂಬ ಸುಳಿವಿಗೆ ಸಂಸ್ಕೃತದ ಮಹಾಕವಿಗಳ ಹೆಸರೆಲ್ಲ ಬರುತ್ತವೆ, ಇಮ್ಮಡಿ ಪುಲಕೇಶಿಯ ಆಸ್ಥಾನದ ಈ ಕವಿ ಬರುವುದಿಲ್ಲ. ಮನಸ್ಸಿನಲ್ಲಿ ಕೂಡಿಸುವ ಅಭ್ಯಾಸ ಮಾಡಿಕೊಳ್ಳಿ, ಹಾಳೆಯ ಮೇಲೆ ಕೂಡಿಸುವಷ್ಟು ಹೊತ್ತು ಸಿಗುವುದಿಲ್ಲ.

ಹಳೆಯ ಮತ್ತು ಹೊಸ ಕ್ಯಾಲೆಂಡರ್. ನ್ಯೂಟನ್ ಹುಟ್ಟಿದ್ದು ಆಗಿನ ಇಂಗ್ಲೆಂಡಿನ ಕ್ಯಾಲೆಂಡರಿನಂತೆ 1642ರ ಡಿಸೆಂಬರ್ 25, ಈಗಿನ ಲೆಕ್ಕಕ್ಕೆ 1643ರ ಜನವರಿ 4. ಗೆಲಿಲಿಯೋ ತೀರಿಕೊಂಡದ್ದು 1642ರ ಜನವರಿ 8. “ಗೆಲಿಲಿಯೋ ಸತ್ತ ವರ್ಷ ಹುಟ್ಟಿದೆ” ಎಂಬ ಸುಳಿವು ನ್ಯೂಟನ್‌ಗೆ ಹಳೆಯ ಕ್ಯಾಲೆಂಡರ್, ಗೆಲಿಲಿಯೋಗೆ ಹೊಸದು ಹಿಡಿದರೆ ಮಾತ್ರ ಸರಿ. ಜಾರ್ಜ್ ವಾಷಿಂಗ್ಟನ್ ವಿಷಯದಲ್ಲೂ ವರ್ಷವೇ ಬದಲಾಗುತ್ತದೆ: ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22. ಯುರೋಪು, ಅಮೆರಿಕದ ಹಳೆಯ ವ್ಯಕ್ತಿಯಾಗಿದ್ದು ತಾರೀಖು ಕೆಲವು ದಿನ ಮಾತ್ರ ಹೊಂದದೆ ಹೋದರೆ, ಆ ಕಾರಣಕ್ಕೇ ಹೆಸರನ್ನು ಹೊಡೆದುಹಾಕಬೇಡಿ.

## ಹಂತ 3: ಊರು ಯಾವ ಊರು ಎಂದು ಕೇಳಿಕೊಳ್ಳಿ

ಹುಟ್ಟಿದ ಊರು, ಕೆಲಸ ಮಾಡಿದ ಊರು, ಸತ್ತ ಊರು ಇವು ಮೂರೂ ಬೇರೆ. ಸುಳಿವಿನಲ್ಲಿರುವುದು ಯಾವುದು ಎಂದು ಪಕ್ಕದಲ್ಲಿ ಒಂದಕ್ಷರ ಹಾಕಿ: ಹು, ಕೆ, ಸ.

ಪ್ರಶ್ನೆ ಬರೆಯುವವರು ಬೇಕೆಂದೇ ನಿರೀಕ್ಷೆಗೆ ವಿರುದ್ಧವಾದ ಊರನ್ನು ಆರಿಸುತ್ತಾರೆ. ಅಕ್ಬರ್ ಹುಟ್ಟಿದ್ದು ಸಿಂಧ್‌ನ ಉಮರ್‌ಕೋಟ್‌ನಲ್ಲಿ. ಔರಂಗಜೇಬ್ ಹುಟ್ಟಿದ್ದು ಗುಜರಾತಿನ ದಾಹೋದ್‌ನಲ್ಲಿ. ಕನ್ನಡದ ಶಾಸನಗಳನ್ನು ಸಂಪುಟ ಸಂಪುಟವಾಗಿ ಹೊರತಂದ ಬಿ. ಎಲ್. ರೈಸ್ ಹೆಸರು ನೋಡಿದರೆ ಇಂಗ್ಲೆಂಡಿನವರು ಅನಿಸುತ್ತದೆ. ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಫ್ಲಾರೆನ್ಸ್ ನೈಟಿಂಗೇಲ್‌ರ ಹೆಸರಿನಲ್ಲಿಯೇ ಅವರು ಹುಟ್ಟಿದ ಇಟಲಿಯ ಊರು ಅಡಗಿದೆ.

ಊರಿನ ಹೆಸರು ಬದಲಾಗಿರಬಹುದು ಎಂಬುದನ್ನೂ ಮರೆಯಬೇಡಿ. ತತ್ವಜ್ಞಾನಿ ಕಾಂಟ್ ಬದುಕಿದ ಕೋನಿಗ್ಸ್‌ಬರ್ಗ್ ಈಗ ರಷ್ಯದ ಕಲಿನಿನ್‌ಗ್ರಾಡ್. ನಕ್ಷೆಯಲ್ಲಿ ಹಳೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಆಯಿತು.

## ಹಂತ 4: ಬಿರುದು, ಹುದ್ದೆ, ಹೆಸರು: ಮೂರನ್ನೂ ಅನುಮಾನದಿಂದ ನೋಡಿ

ಬಿರುದು ಒಬ್ಬರ ಸೊತ್ತಲ್ಲ. ‘ಕವಿಚಕ್ರವರ್ತಿ’ ಎಂದ ತಕ್ಷಣ ಪಂಪ ಎನ್ನುವವರಿದ್ದಾರೆ. ಆ ಬಿರುದು ರನ್ನನದು, ಜನ್ನನದೂ ಹೌದು. ಪೊನ್ನ ಉಭಯಕವಿಚಕ್ರವರ್ತಿ. ಇವರನ್ನು ಬೇರೆ ಮಾಡುವುದು ರಾಜವಂಶ. ಪೊನ್ನನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ರನ್ನನಿಗೆ ಕಲ್ಯಾಣದ ಚಾಲುಕ್ಯರು, ಜನ್ನನಿಗೆ ಹೊಯ್ಸಳ ವೀರಬಲ್ಲಾಳ. ಸುಳಿವಿನಲ್ಲಿ ಬಳೆಗಾರರ ಮನೆತನ ಎಂದು ಬಂದರೆ ರನ್ನ, ಬೇರೆ ವಿಚಾರಣೆ ಬೇಡ.

ಹುದ್ದೆಯೂ ಹಾಗೆಯೇ. ‘ಮೈಸೂರಿನ ದಿವಾನ’ ಎಂದರೆ ನಮ್ಮ ಮಕ್ಕಳಿಗೆ ವಿಶ್ವೇಶ್ವರಯ್ಯ ಒಬ್ಬರೇ. ಪ್ರಶ್ನೆ ಬರೆಯುವವರಿಗೆ ಇದು ಗೊತ್ತಿರುವುದರಿಂದ ಉತ್ತರ ಬಹುಪಾಲು ಬೇರೆಯವರೇ ಆಗಿರುತ್ತಾರೆ. ಈ ನಾಲ್ವರನ್ನು ಪಕ್ಕಪಕ್ಕ ಬರೆದುಕೊಳ್ಳಿ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದವರು ರಂಗಾಚಾರ್ಲು. 1883ರಿಂದ 1901ರವರೆಗೆ ಶೇಷಾದ್ರಿ ಅಯ್ಯರ್. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸುವ ಯೋಜನೆ ಇವರ ಕಾಲದ್ದು. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯ. 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲ್. ಮುಂದೆ ಜೈಪುರ, ಹೈದರಾಬಾದ್ ಸಂಸ್ಥಾನಗಳಲ್ಲೂ ಅದೇ ಬಗೆಯ ಹೊಣೆ ಹೊತ್ತರು. ‘ವಿದ್ಯುತ್’ ಪದ ಕೇಳಿ ವಿಶ್ವೇಶ್ವರಯ್ಯ ಎಂದು ಸೋತ ತಂಡಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶೇಷಾದ್ರಿ ಅಯ್ಯರ್ ಹೆಸರಿನ ರಸ್ತೆ, ಬಡಾವಣೆ, ಗ್ರಂಥಾಲಯಗಳ ನಡುವೆಯೇ ಓಡಾಡಿಕೊಂಡಿರುವ ಮಕ್ಕಳವರು.

“ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದೆ” ಎಂಬುದು ಇನ್ನೊಂದು ಗುಂಡಿ. ಕನಿಷ್ಠ ಐವರು ಅದರಲ್ಲಿದ್ದಾರೆ. ಇವರನ್ನು ಬೇರೆ ಮಾಡುವುದು ಬ್ಯಾರಿಸ್ಟರ್ ಪದವಿ ಕೊಟ್ಟ ಲಂಡನ್ನಿನ ವಕೀಲರ ಸಂಸ್ಥೆ. ಗಾಂಧಿ ಮತ್ತು ನೆಹರು ಇಬ್ಬರೂ ಇನ್ನರ್ ಟೆಂಪಲ್, ಪಟೇಲ್ ಮಿಡಲ್ ಟೆಂಪಲ್, ಜಿನ್ನಾ ಲಿಂಕನ್ಸ್ ಇನ್, ಅಂಬೇಡ್ಕರ್ ಗ್ರೇಸ್ ಇನ್. ಇನ್ನರ್ ಟೆಂಪಲ್ ಎಂದಾಗಲೂ ನಿಲ್ಲಿ. ಸಸ್ಯಾಹಾರಿಗಳ ಸಂಘ ಬಂದರೆ ಗಾಂಧಿ, ಕೇಂಬ್ರಿಜ್‌ನಲ್ಲಿ ನಿಸರ್ಗ ವಿಜ್ಞಾನ ಓದಿದವರೆಂದರೆ ನೆಹರು.

ಇನ್ನು ಹೆಸರು. ಶಾಸನಗಳಲ್ಲಿ ತನ್ನನ್ನು ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ರಾಜ ಯಾರು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ. ಅಲ್ಲಿ ಅಶೋಕ ಎಂಬ ಹೆಸರೇ ಇದೆ. ಸುಳಿವಿನಲ್ಲಿ ಮನೆಯ ಹೆಸರು, ಸನ್ಯಾಸದ ಹೆಸರು, ಕಾವ್ಯನಾಮ, ಪಟ್ಟದ ಹೆಸರು ಯಾವುದು ಬೇಕಾದರೂ ಇರಬಹುದು. ನೃಪತುಂಗ ಮತ್ತು ಅಮೋಘವರ್ಷ ಇಬ್ಬರು ರಾಜರೆಂದು ವಾದಿಸಿ ಅಂಕ ಕಳೆದುಕೊಂಡ ತಂಡವೊಂದು ಇನ್ನೂ ಕಣ್ಣ ಮುಂದಿದೆ.

‘ಮೊದಲ’ ಎಂಬ ಪದ. ಯಾವುದರಲ್ಲಿ ಮೊದಲು ಎಂಬುದನ್ನು ಪದ ಪದವಾಗಿ ಕೇಳಿ. ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ 1917ರಲ್ಲಿ ಆನಿ ಬೆಸೆಂಟ್. ಮೊದಲ ಭಾರತೀಯ ಮಹಿಳಾ ಅಧ್ಯಕ್ಷೆ 1925ರಲ್ಲಿ ಸರೋಜಿನಿ ನಾಯ್ಡು. ‘ಭಾರತೀಯ’ ಎಂಬ ಒಂದು ಪದ ತಪ್ಪಿದರೆ ಉತ್ತರವೇ ಬೇರೆ.

## ಹಂತ 5: ಒಂದಲ್ಲ, ಮೂರು ಹೆಸರು ಬರೆಯಿರಿ

ಈಗ ಹೆಸರು ಬರೆಯಬಹುದು, ಆದರೆ ಮೂರು. ಎರಡು ಸಾಲದು, ಏಕೆಂದರೆ ಎರಡರಲ್ಲಿ ಒಂದು ಯಾವಾಗಲೂ ನಿಮ್ಮ ಮೊದಲ ಇಷ್ಟದ ಹೆಸರಾಗಿದ್ದು ಇನ್ನೊಂದು ಶಾಸ್ತ್ರಕ್ಕೆ ಬರೆದದ್ದಾಗಿರುತ್ತದೆ.

“ಎರಡು ನೊಬೆಲ್ ಪಡೆದ ವ್ಯಕ್ತಿ ನಾನು.” ಮೇರಿ ಕ್ಯೂರಿ ಎಂದು ಕೈ ಮೇಲೇಳುತ್ತದೆ. ಹಾಳೆಯಲ್ಲಿ ಬರೆಯಿರಿ: ಕ್ಯೂರಿ, ಪಾಲಿಂಗ್, ಬಾರ್ಡೀನ್, ಸ್ಯಾಂಗರ್, ಶಾರ್ಪ್‌ಲೆಸ್. ಮುಂದಿನ ಸುಳಿವು “ಎರಡೂ ಒಂದೇ ವಿಷಯಕ್ಕೆ” ಎಂದರೆ ಕ್ಯೂರಿಯೂ ಪಾಲಿಂಗ್‌ರೂ ಹೋದರು. “ಎರಡೂ ಭೌತಶಾಸ್ತ್ರಕ್ಕೆ” ಎಂದರೆ ಬಾರ್ಡೀನ್ ಒಬ್ಬರೇ. “ಬೇರೆ ಬೇರೆ ವಿಷಯಕ್ಕೆ, ಎರಡನ್ನೂ ಯಾರೊಂದಿಗೂ ಹಂಚಿಕೊಳ್ಳದೆ” ಎಂದರೆ 1954ರಲ್ಲಿ ರಸಾಯನಶಾಸ್ತ್ರ, 1962ರಲ್ಲಿ ಶಾಂತಿ ಪಡೆದ ಪಾಲಿಂಗ್. ಕ್ಯೂರಿ 1903ರದನ್ನು ಹಂಚಿಕೊಂಡಿದ್ದರು.

ಹುಟ್ಟಿದ ದಿನ ಪೂರ್ತಿ ಕೊಟ್ಟಿದ್ದರೂ ಒಂದೇ ಹೆಸರಿಗೆ ನಿಲ್ಲಬೇಡಿ. 1809ರ ಫೆಬ್ರವರಿ 12 ಅಬ್ರಹಾಂ ಲಿಂಕನ್ ಹುಟ್ಟಿದ ದಿನ, ಚಾರ್ಲ್ಸ್ ಡಾರ್ವಿನ್ ಹುಟ್ಟಿದ ದಿನವೂ ಅದೇ.

## ಹಂತ 6: ಹೊಂದುವುದನ್ನಲ್ಲ, ಹೊಂದದ್ದನ್ನು ಹುಡುಕಿ

ಇದು ಚಿಕ್ಕ ಹಂತ, ಆದರೆ ಇಲ್ಲೇ ಗೆಲ್ಲುವುದು. ಪ್ರತಿ ಹೆಸರಿನ ಮುಂದೆಯೂ ಕೇಳಿ: ಈ ನಾಲ್ಕು ಕಾಲಂನಲ್ಲಿ ಇವರಿಗೆ ಒಗ್ಗದ್ದು ಯಾವುದಾದರೂ ಇದೆಯೇ? ಹತ್ತು ಸಂಗತಿ ಹೊಂದಿ ಒಂದು ಖಚಿತವಾಗಿ ಹೊಂದದಿದ್ದರೆ ಆ ಹೆಸರು ಹೋಯಿತು. ‘ಸ್ವಲ್ಪ ಹೆಚ್ಚುಕಡಿಮೆ ಇರಬಹುದು’ ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಕ್ಯಾಲೆಂಡರಿನ ಪ್ರಸಂಗ ಬಿಟ್ಟರೆ ಆ ಸಮಾಧಾನಕ್ಕೆ ಒಪ್ಪಬೇಡಿ.

## ಹಂತ 7: ಬಜರ್ ಯಾವಾಗ

ಮೈನಸ್ ಅಂಕ ಇದೆಯೇ ಎಂದು ಸುತ್ತು ಶುರುವಾಗುವ ಮೊದಲೇ ಕೇಳಿ. ಇಲ್ಲದಿದ್ದರೆ ಎರಡು ಹೆಸರು ಉಳಿದಾಗಲೇ ಒತ್ತಬಹುದು. ಇದ್ದರೆ, ಒಂದೇ ಹೆಸರು ಉಳಿಯುವವರೆಗೆ ಕಾಯಿರಿ. ತಂಡದಲ್ಲಿ ಬರೆಯುವವರು ಒಬ್ಬರು, ಒತ್ತುವವರು ಇನ್ನೊಬ್ಬರು ಇರಲಿ. ಒಬ್ಬರೇ ಎರಡನ್ನೂ ಮಾಡಿದರೆ ಕೈ ಬರೆಯುವುದನ್ನು ಬಿಟ್ಟು ಬಜರ್ ಕಡೆಗೆ ಹೋಗುತ್ತದೆ.

## ಪೂರ್ತಿ ಬಿಡಿಸಿದ ಒಂದು ಉದಾಹರಣೆ

ನಾನು ತರಬೇತಿಯಲ್ಲಿ ಎಲ್ಲರಿಗೂ ಮೊದಲು ಕೊಡುವುದು ಇದನ್ನೇ. ಸುಳಿವುಗಳು ಕಷ್ಟದಿಂದ ಸುಲಭಕ್ಕೆ ಬರುತ್ತವೆ.

ಸುಳಿವು 1: “ನಾನು ಹುಟ್ಟಿದ್ದು ಡಬ್ಲಿನ್‌ನಲ್ಲಿ. ಹರೆಯದಲ್ಲಿ ಪಿಟೀಲು ನುಡಿಸುತ್ತಿದ್ದೆ. ವೃತ್ತಿಯೇ ಮುಖ್ಯವೆಂದು ತೀರ್ಮಾನಿಸಿ ಪಿಟೀಲನ್ನು ಸುಟ್ಟುಹಾಕಿದೆ.” ಊರು: ಡಬ್ಲಿನ್, ಪಕ್ಕದಲ್ಲಿ ‘ಹು’. ಗುರುತು: ಸುಟ್ಟ ಪಿಟೀಲು. ಕಾಲ, ಕೆಲಸ ಖಾಲಿ. ಐರ್ಲೆಂಡಿನ ಲೇಖಕರ ಹೆಸರುಗಳು ತಲೆಗೆ ಬರುತ್ತವೆ. ಬರೆಯಬೇಡಿ, ಕೆಲಸದ ಕಾಲಂ ಇನ್ನೂ ಖಾಲಿ ಇದೆ.

ಸುಳಿವು 2: “ಒಂದು ಮರಗಳ ತೋಪಿನ ಮೇಲೆ ರಾತ್ರಿ ದಾಳಿ ಮಾಡಿ ಸೋತೆ. ಒಂದೇ ತಿಂಗಳಲ್ಲಿ ಆ ಊರಿನ ಆಡಳಿತ ನನ್ನ ಕೈಗೆ ಬಂತು. ಸುಲ್ತಾನನ ಬೇಸಿಗೆ ಅರಮನೆಯಲ್ಲಿ ವಾಸವಿದ್ದೆ.” ಕೆಲಸ: ಸೈನಿಕ ಅಧಿಕಾರಿ. ಬೇಸಿಗೆ ಅರಮನೆ, ಸುಲ್ತಾನ ಎಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಇರಬಹುದು. ಕಾಲ: 1799? ಊಹೆಯಾದ್ದರಿಂದ ಪ್ರಶ್ನಾರ್ಥಕ ಚಿಹ್ನೆ.

ಈಗ ಹೆಸರುಗಳು: ಕಾರ್ನ್‌ವಾಲಿಸ್, ಬೇರ್ಡ್, ಮನ್ರೋ, ಆರ್ಥರ್ ವೆಲ್ಲೆಸ್ಲಿ. ಹೊಂದದ್ದನ್ನು ಹುಡುಕೋಣ. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು 1792ರಲ್ಲಿ, 1799ರಲ್ಲಿ ಆತ ಇಲ್ಲಿರಲಿಲ್ಲ, ಹುಟ್ಟಿದ್ದೂ ಲಂಡನ್ನಿನಲ್ಲಿ. ಡೇವಿಡ್ ಬೇರ್ಡ್ ಒಳ್ಳೆಯ ಬಲೆ. ಮೇ 4ರ ದಾಳಿಯ ಮುಂದಾಳು ಆತನೇ, ಹಿಂದೆ ಅದೇ ಊರಿನಲ್ಲಿ ಸೆರೆಯಲ್ಲೂ ಇದ್ದವನು. ಆದರೆ ಆತ ಸ್ಕಾಟ್ಲೆಂಡಿನವನು, ಕೋಟೆ ಬಿದ್ದ ಮೇಲೆ ಆಡಳಿತ ಆತನ ಕೈಗೆ ಉಳಿಯಲಿಲ್ಲ. ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಹೀಗೆ ಡಬ್ಲಿನ್ ಎಂಬ ಒಂದೇ ಪದ ಮೂವರನ್ನೂ ತೆಗೆದುಹಾಕಿತು. ಒಂದೇ ಹೆಸರು ಉಳಿದಿದೆ, ಮೈನಸ್ ಅಂಕವಿದ್ದರೂ ಇಲ್ಲಿಯೇ ಒತ್ತಬಹುದು.

ಸುಳಿವು 3: “1800ರಲ್ಲಿ ನನ್ನ ಸೈನ್ಯ ಕೊಂದ ಬಂಡಾಯಗಾರನ ಎಳೆಯ ಮಗನನ್ನು ನಾನೇ ನೋಡಿಕೊಂಡೆ.” ಬಂಡಾಯಗಾರ ಧೋಂಡಿಯ ವಾಘ್. ಕಾಲದ ಪ್ರಶ್ನಾರ್ಥಕ ಚಿಹ್ನೆ ಅಳಿಸಿ.

ಸುಳಿವು 4: “ನನ್ನ ಅಣ್ಣ ಆಗ ಗವರ್ನರ್ ಜನರಲ್.” ಇಲ್ಲಿ ಅವಸರದವರು ಅಣ್ಣನ ಹೆಸರನ್ನೇ ಹೇಳಿಬಿಡುತ್ತಾರೆ. ರಿಚರ್ಡ್ ಅಣ್ಣ, ನಮಗೆ ಬೇಕಾದವನು ತಮ್ಮ ಆರ್ಥರ್. ಮನೆತನದ ಹೆಸರಷ್ಟೇ ಹೇಳಿ ಸುಮ್ಮನಾದರೆ ಅಂಕ ಸಿಗುವುದಿಲ್ಲ.

ಸುಳಿವು 5: “ನಾನು ಹುಟ್ಟಿದ 1769ರಲ್ಲೇ ಹುಟ್ಟಿದ ಚಕ್ರವರ್ತಿಯನ್ನು 1815ರಲ್ಲಿ ಸೋಲಿಸಿದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದೆ.” ಎದುರಾಳಿ ನೆಪೋಲಿಯನ್, ಜಾಗ ವಾಟರ್‌ಲೂ, ಉತ್ತರ ಡ್ಯೂಕ್ ಆಫ್ ವೆಲಿಂಗ್ಟನ್.

ಇದೇ ಪ್ರಶ್ನೆಯನ್ನು ಉಲ್ಟಾ ಮಾಡಿ “ಕರ್ನಾಟಕದಲ್ಲಿ ಸೈನಿಕನಾಗಿದ್ದು ಮುಂದೆ ಬ್ರಿಟನ್ನಿನ ಪ್ರಧಾನಿಯಾದೆ” ಎಂದು ಕೇಳಿದರೆ ಬಹುತೇಕರ ಉತ್ತರ ಚರ್ಚಿಲ್. 1896ರಲ್ಲಿ ಬೆಂಗಳೂರಿಗೆ ಬಂದ ಚರ್ಚಿಲ್‌ಗೂ ಆ ಸುಳಿವು ಒಗ್ಗುತ್ತದೆ, ಆದ್ದರಿಂದ ಅದೊಂದರ ಮೇಲೆ ಒತ್ತುವಂತಿಲ್ಲ. ಈ ಇಬ್ಬರು ನಿಮ್ಮ ಜೋಡಿ ಪುಸ್ತಕದ ಎರಡನೇ ಪುಟಕ್ಕೆ.

## ದಾರಿ ತಪ್ಪುತ್ತಿದ್ದೀರಿ ಎನ್ನಲು ಚಿಹ್ನೆಗಳು

ಮೊದಲ ಸುಳಿವಿಗೇ ಹೆಸರು ಹೊಳೆದು, ಅದು ಪಠ್ಯಪುಸ್ತಕದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಾಗಿದ್ದರೆ ನಿಲ್ಲಿ. ಐದು ಸುಳಿವಿನ ಪ್ರಶ್ನೆಯಲ್ಲಿ ಮೊದಲನೆಯದು ಎಲ್ಲಕ್ಕಿಂತ ಕಷ್ಟದ್ದು. ಅದು ಸುಲಭವೆನಿಸಿದರೆ ಬಲೆ ಬೀಸಿದ್ದಾರೆ ಎಂದೇ ತಿಳಿಯಿರಿ.

ಕಾಲದ ಕಾಲಂ ಖಾಲಿಯಿದ್ದೂ ಉತ್ತರ ಖಚಿತ ಅನಿಸುತ್ತಿದ್ದರೆ, ಆ ಖಚಿತತೆ ಸುಳಿವಿನಿಂದ ಬಂದದ್ದಲ್ಲ.

ಹೊಸ ಸುಳಿವು ಬಂದಾಗ ‘ಓಹೋ, ಇದೂ ಆಗಿರಬಹುದು’ ಎಂದು ನೀವು ಅದನ್ನು ಬಗ್ಗಿಸುತ್ತಿದ್ದರೆ ಹಳೆಯ ಹೆಸರನ್ನು ಬಿಟ್ಟುಕೊಡಿ. ತಂಡದಲ್ಲಿ ಜೋರಾಗಿ ಮಾತಾಡುವವರ ಹೆಸರೇ ಪದೇ ಪದೇ ಉಳಿಯುತ್ತಿದ್ದರೆ, ಮುಂದಿನ ಸುತ್ತಿನಲ್ಲಿ ಬಾಯಿ ಬಿಡುವ ಮೊದಲು ಎಲ್ಲರೂ ತಮ್ಮ ತಮ್ಮ ಹೆಸರನ್ನು ಹಾಳೆಯಲ್ಲಿ ಬರೆಯಲಿ.

## ಅಭ್ಯಾಸ: ಪ್ರಶ್ನೆ ನೀವೇ ಬರೆಯಿರಿ

ಬಿಡಿಸುವುದಕ್ಕಿಂತ ಬರೆಯುವುದರಿಂದ ಬೇಗ ಕಲಿಯುತ್ತೀರಿ. ದಿನಕ್ಕೊಬ್ಬರನ್ನು ಆರಿಸಿ ಕಷ್ಟದಿಂದ ಸುಲಭಕ್ಕೆ ಐದು ಸುಳಿವು ಬರೆಯಿರಿ. ನಿಯಮ ಒಂದೇ: ಮೊದಲ ಸುಳಿವು ಇನ್ನೊಬ್ಬ ಪ್ರಸಿದ್ಧ ವ್ಯಕ್ತಿಗೂ ಒಗ್ಗಬೇಕು, ಎರಡನೆಯದು ಆ ಇನ್ನೊಬ್ಬರನ್ನು ಹೊರಗೆ ಹಾಕಬೇಕು. ಹೀಗೆ ಬರೆಯಲು ಕೂತರೆ ಬಲೆ ಹೇಗೆ ಹೆಣೆಯುತ್ತಾರೆ ಎಂಬುದು ಒಳಗಿನಿಂದಲೇ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಗೆಳೆಯರೊಂದಿಗೆ ಹಾಳೆ ಅದಲುಬದಲು ಮಾಡಿಕೊಳ್ಳಿ. ಯಾರು ಯಾವ ಸುಳಿವಿಗೆ ಬಿಡಿಸಿದರು ಎಂದು ಬರೆದಿಡಿ, ಗೆದ್ದವರು ಯಾರು ಎಂಬುದು ಬೇಡ.

ಹೊರಡುವ ಮೊದಲು ಇದೊಂದನ್ನು ಮಾಡಿ. ಹಾಳೆಯಲ್ಲಿ ನಾಲ್ಕು ಕಾಲಂ ಗೀಚಿ, ಕೆಳಗಿನ ಸಾಲುಗಳನ್ನು ಕಾಗದದಿಂದ ಮುಚ್ಚಿಟ್ಟು ಒಂದೊಂದಾಗಿ ತೆರೆಯಿರಿ. ಪ್ರತಿ ಸಾಲಿಗೂ ಮೂರು ಹೆಸರು ಬರೆದು, ಒಂದೇ ಹೆಸರು ಉಳಿದ ಸಾಲಿನ ಪಕ್ಕ ಗೆರೆ ಎಳೆಯಿರಿ.

1. “ಹರೆಯದಲ್ಲಿ ಕಾರವಾರದ ಕಡಲ ದಂಡೆಯಲ್ಲಿ ಕೆಲಕಾಲ ಇದ್ದೆ. ಅಲ್ಲಿ ಒಂದು ನಾಟಕ ಬರೆದೆ.”
2. “ನಾನು ಉಳಿದುಕೊಂಡದ್ದು ಅಣ್ಣನ ಮನೆಯಲ್ಲಿ. ಆತ ಅಲ್ಲಿನ ಜಿಲ್ಲಾ ನ್ಯಾಯಾಧೀಶ.”
3. “ಆ ಅಣ್ಣ ಐಸಿಎಸ್ ಸೇರಿದ ಮೊದಲ ಭಾರತೀಯ.”
4. “1915ರಲ್ಲಿ ಬಂದ ‘ಸರ್’ ಪದವಿಯನ್ನು 1919ರಲ್ಲಿ ಬೇಡವೆಂದು ಪತ್ರ ಬರೆದೆ.”